ಡ್ರಾಯಿಂಗ್ ಮಾಸ್ತರು ಕಲಿಸಿದ ಇಂಗ್ಲಿಷು

ಅವರ ಬಲಗೈಯ ಮೂರು ಬೆರಳು ಯಾವಾಗಲೂ ನೇರಳೆ ಬಣ್ಣದಲ್ಲಿರುತ್ತಿದ್ದವು. ಹಬ್ಬದ ದಿನ ಎಣ್ಣೆ ಹಚ್ಚಿ ಮಿಂದು ಬಂದರೂ ಹೋಗದ ಬಣ್ಣ ಅದು. ಮಧ್ಯಾಹ್ನ ಶಾಲೆಯ ಪಡಸಾಲೆಯಲ್ಲಿ ಕುಳಿತು ಬುತ್ತಿ ಬಿಚ್ಚಿದಾಗ, ಬಿಳಿ ಜೋಳದ ರೊಟ್ಟಿಯ ಮೇಲೆ ಆ ಬೆರಳುಗಳು ಇನ್ನಷ್ಟು ಎದ್ದು ಕಾಣುತ್ತಿದ್ದವು. ಹೊಸದಾಗಿ ಸೇರಿದ ಸಣ್ಣ ಮಕ್ಕಳು "ನಿಮ್ಮ ಕೈಗೆ ಏನಾಗೇತ್ರಿ ಸರ್?" ಎಂದು ಕೇಳಿದರೆ, "ನೇರಳಿ ಹಣ್ಣು ತಿಂದೇನಪಾ, ನಿನಗೂ ಬೇಕೇನು?" ಎನ್ನುತ್ತಿದ್ದರು. ಕರಿ ಟೊಪ್ಪಿಗೆ, ಕೊರಳ ತನಕ ಗುಂಡಿ ಹಾಕಿದ ಕೋಟು, ಮೊಣಕಾಲಿಗಿಂತ ತುಸು ಕೆಳಗಿಳಿದ ಧೋತರ. ಕೋಟಿನ ಬಲಗಡೆಯ ಕಿಸೆಯ ಅಂಚಿಗೂ ಅದೇ ನೇರಳೆ.

ನಾನು ಹೇಳುತ್ತಿರುವುದು ಸಾವಿರದ ಒಂಬೈನೂರ ಮೂವತ್ತರ ಆಚೀಚೆಯ ಮಾತು. ಹುಬ್ಬಳ್ಳಿಯ ನಮ್ಮ ಹೈಸ್ಕೂಲಿನಲ್ಲಿ ಅವರು ಡ್ರಾಯಿಂಗ್ ಮಾಸ್ತರು. ಧಾರವಾಡದ ಹತ್ತಿರದ ಮುಗದ ಎಂಬ ಹಳ್ಳಿಯ ಒಕ್ಕಲು ಮನೆತನದವರು. ಮಣ್ಣಿನ ಹೂಜಿ, ಬಿದಿರಿನ ಬುಟ್ಟಿ, ಎರಡು ಬಾಳೆಹಣ್ಣು ಮುಂದಿಟ್ಟು ಕೆಳಗಿನ ವರ್ಗದವರಿಂದ ಚಿತ್ರ ತೆಗೆಸುವುದು ಅವರ ಕೆಲಸ. ಮೆಟ್ರಿಕ್ ವರ್ಗಕ್ಕೆ ಚಿತ್ರಕಲೆಯ ಪಾಠವೇ ಇರಲಿಲ್ಲ. ಆದ್ದರಿಂದ ಆ ವರ್ಷ ಅವರು ನನ್ನ ಬದುಕಿನೊಳಗೆ ಬರಲು ಯಾವ ಕಾರಣವೂ ಇರಲಿಲ್ಲ. ಆದರೂ ಬಂದರು.

ನಮ್ಮ ವರ್ಗದಲ್ಲಿ ಹುಡುಗಿಯರು ಇಬ್ಬರೇ. ದೀಪಾವಳಿಯ ರಜೆ ಮುಗಿದ ಮೇಲೆ ಶಾಲೆಯವರೇ ಒಂದು ಪರೀಕ್ಷೆ ನಡೆಸುತ್ತಿದ್ದರು. ಅದರಲ್ಲಿ ಪಾಸಾದವರ ಫಾರ್ಮನ್ನು ಮಾತ್ರ ಮೆಟ್ರಿಕ್ ಪರೀಕ್ಷೆಗೆ ಮುಂಬಯಿಗೆ ಕಳಿಸುತ್ತಿದ್ದರು. ಒಂದು ಬೆಳಿಗ್ಗೆ ಹೆಡ್‌ಮಾಸ್ತರು ವರ್ಗಕ್ಕೆ ಬಂದು ಒಂಬತ್ತು ಹೆಸರು ಓದಿದರು.

"ಈ ಒಂಬತ್ತು ಮಂದಿ ಇಂಗ್ಲಿಷಿನ್ಯಾಗ ನಾಪಾಸ್ ಆಗ್ಯಾರ. ಇವರ ಫಾರ್ಮ್ ನಾ ಕಳಸೂದಿಲ್ಲ. ಬರೂ ವರ್ಷ ನೋಡೋಣು."

ಎಂಟು ಹೆಸರು ಹುಡುಗರವು. ಒಂಬತ್ತನೆಯದು ನನ್ನದು.

ನನ್ನ ಅಪ್ಪ ರೈಲ್ವೆಯ ಗೂಡ್ಸ್ ಆಫೀಸಿನಲ್ಲಿ ಗುಮಾಸ್ತರು. ಕಾಕಾ, ಅಂದರೆ ಅಪ್ಪನ ತಮ್ಮ, ಗದಗಿನ ಕಡೆಯ ಒಂದು ಮನೆತನವನ್ನು ನನಗಾಗಿ ನೋಡಿಟ್ಟು ವರ್ಷವಾಗಿತ್ತು. ಕಾಕಾ ಕೇಳಿದಾಗಲೆಲ್ಲ ಅಪ್ಪ "ಮೆಟ್ರಿಕ್ ಒಂದು ಮುಗೀಲಿ, ಆಮ್ಯಾಲೆ ನೋಡೋಣು" ಎಂದು ಮುಂದೂಡುತ್ತ ಬಂದಿದ್ದರು. ನನಗೋ ಓದಬೇಕು, ಧಾರವಾಡಕ್ಕೆ ಹೋಗಿ ಕಾಲೇಜು ಸೇರಬೇಕು, ಒಂದು ದಿನ ಕೈಯಲ್ಲಿ ಪುಸ್ತಕ ಹಿಡಿದು ವರ್ಗದ ಮುಂದೆ ನಿಲ್ಲಬೇಕು ಎಂಬ ಆಸೆ. ಫಾರ್ಮೇ ಹೋಗದಿದ್ದರೆ ಅಪ್ಪ ಇನ್ನೇನು ಹೇಳಿ ಮುಂದೂಡಿಯಾರು?

ಪಡಸಾಲೆಯ ನೀರಿನ ಕೊಡದ ಹತ್ತಿರ ನಿಂತು, ನೀರು ಕುಡಿಯುವ ನೆವದಲ್ಲಿ ಮುಖ ತೊಳೆಯುತ್ತಿದ್ದೆ. ಡ್ರಾಯಿಂಗ್ ಮಾಸ್ತರು ಹೂಜಿಯೊಂದನ್ನು ಕಂಕುಳಲ್ಲಿಟ್ಟುಕೊಂಡು ಆ ದಾರಿಯಲ್ಲಿ ಬಂದರು.

"ಯಾಕ ತಂಗಿ?"

ಹೇಳಿದೆ. ಅವರು ಸಮಾಧಾನದ ಮಾತೇನೂ ಆಡಲಿಲ್ಲ. "ಪೇಪರ್ ಎಲ್ಲೈತಿ? ತೋರ್ಸು" ಎಂದರು. ನನ್ನ ಉತ್ತರಪತ್ರಿಕೆಯನ್ನು ಇಸಿದುಕೊಂಡು, ಹೂಜಿಯನ್ನು ನೆಲಕ್ಕಿಟ್ಟು, ನಿಂತಲ್ಲೇ ಮೊದಲಿಂದ ಕೊನೆಯ ತನಕ ಓದಿದರು. ನೇರಳೆ ಬೆರಳು ಸಾಲಿಂದ ಸಾಲಿಗೆ ಓಡುತ್ತಿತ್ತು.

"ಹದಿನೇಳು ಕಡೆ ಬರದು ಬರದು ಹೊಡದು ಹಾಕೀದಿ. ಕಡೀ ಎರಡು ಪ್ರಶ್ನಿ ಮುಟ್ಟೇ ಇಲ್ಲ. ನಿನಗ ಇಂಗ್ಲಿಷ್ ಬರ್ತೈತಿ ತಂಗಿ. ಪರೀಕ್ಷಾ ಬರಿಯಾಕ ಬರೂದಿಲ್ಲ. ಅವೆರಡೂ ಬ್ಯಾರೆ ಬ್ಯಾರೆ."

ಹಾಗೆಂದವರೇ ನೆಟ್ಟಗೆ ಹೆಡ್‌ಮಾಸ್ತರ ಕೋಣೆಗೆ ಹೋದರು. ಬಾಗಿಲು ತೆರೆದಿತ್ತು. ಒಳಗೆ ನಮ್ಮ ಇಂಗ್ಲಿಷ್ ಮಾಸ್ತರೂ ಇದ್ದರು. ಅವರು ಧಾರವಾಡದವರು, ಬಿ.ಎ.ಯನ್ನು ಮೊದಲ ದರ್ಜೆಯಲ್ಲಿ ಮುಗಿಸಿದವರು. ಮಾತಾಡಲು ನಿಂತರೆ ಇಂಗ್ಲಿಷು ನೀರಿನ ಹಾಗೆ ಹರಿಯುತ್ತಿತ್ತು. ನಾಪಾಸಾದ ಒಂದಿಬ್ಬರು ಹುಡುಗರೂ ನಾನೂ ಹೊರಗೆ ಗೋಡೆಗೆ ಒರಗಿ ಕೇಳಿಸಿಕೊಂಡೆವು.

"ಈ ಒಂಬತ್ತು ಮಂದೀನ ನನಗ ಕೊಡ್ರಿ. ಮುಂಜಾನೆ ಸಾಲಿ ಸುರು ಆಗೂಕಿಂತ ಮದಲ ಕಲಸ್ತೇನಿ" ಎಂದರು ಡ್ರಾಯಿಂಗ್ ಮಾಸ್ತರು.

ಇಂಗ್ಲಿಷ್ ಮಾಸ್ತರು ನಕ್ಕದ್ದು ಕೇಳಿಸಿತು. "ಚಿತ್ರಾ ತಗಿಸಿ ಇಂಗ್ಲಿಷ್ ಪಾಸ್ ಮಾಡಸ್ಲಿಕ್ಕೆ ಹೊಂಟೀರೇನ್ರಿ?"

"ಹೌದ್ರಿ. ನೀವು ಒಂದ ಸಲಕ್ಕ ಪಾಸ್ ಆದವರು. ನಾ ಎರಡು ಸಲಾ ಇದ ಇಂಗ್ಲಿಷಿನ್ಯಾಗ ಬಿದ್ದು ಮೂರನೇದಕ್ಕ ಎದ್ದವ. ಕಾಲು ಎಲ್ಲೆಲ್ಲಿ ಜಾರತೈತಿ ಅನ್ನೂದು ನನಗ ಛಲೋ ಗೊತ್ತೈತ್ರಿ."

ಹೆಡ್‌ಮಾಸ್ತರು ಹೇಳಿದರು: "ಫಾರ್ಮ್ ಕಳಸಾಕ ಇನ್ನ ಐದು ವಾರ ಅದಾವ. ಕಡೀ ವಾರ ಇಂಗ್ಲಿಷ್ ಮಾಸ್ತರ ಮತ್ತೊಂದು ಪೇಪರ್ ತಗೀತಾರ, ಅವರ ತಿದ್ದತಾರ. ಪಾಸ್ ಆದವರ ಫಾರ್ಮ್ ಹೋಗತೈತಿ. ಬಿದ್ದವರದು ಇಲ್ಲ. ಮತ್ತ ನನ್ನ ಕೇಳಬ್ಯಾಡ್ರಿ."

ಮರುದಿನ ಬೆಳಿಗ್ಗೆ ಏಳಕ್ಕೆ ನಾವು ಒಂಬತ್ತು ಮಂದಿ ಚಿತ್ರಕಲೆಯ ಕೋಣೆಗೆ ಹೋದೆವು. ಪಠ್ಯಪುಸ್ತಕ ತೆರೆಯುತ್ತಾರೆ ಎಂದುಕೊಂಡಿದ್ದೆವು. ಅವರು ತೆರೆದದ್ದು ಒಂದು ತಗಡಿನ ಟ್ರಂಕು. ತಾವು ನಾಪಾಸಾದ ವರ್ಷದಿಂದ ಹಿಡಿದು ಅಲ್ಲಿಯ ತನಕದ ಪ್ರತಿವರ್ಷದ ಇಂಗ್ಲಿಷ್ ಪ್ರಶ್ನೆಪತ್ರಿಕೆ ಅದರಲ್ಲಿತ್ತು. ಪ್ರತಿಯೊಂದು ಪ್ರಶ್ನೆಯನ್ನೂ ಬೇರೆಯಾಗಿ ಕತ್ತರಿಸಿ, ಅಂಗೈ ಅಗಲದ ರಟ್ಟಿನ ತುಂಡಿಗೆ ಅಂಟಿಸಿ, ಬಗೆಬಗೆಯಾಗಿ ವಿಂಗಡಿಸಿ, ಖಾಲಿ ಸಿಗರೇಟ್ ಡಬ್ಬಿಗಳಲ್ಲಿ ತುಂಬಿಟ್ಟಿದ್ದರು. ಪ್ರಬಂಧಕ್ಕೆ ಕೆಂಪು ಡಬ್ಬಿ, ಪತ್ರಲೇಖನಕ್ಕೆ ಹಸಿರು, ಸಾರಾಂಶಕ್ಕೆ ನೀಲಿ, ಹೀಗೆ. ರಟ್ಟು ಕೊಡುತ್ತಿದ್ದವರು ಪೇಟೆಯಲ್ಲಿ ಪುಸ್ತಕಕ್ಕೆ ಜಿಲ್ದು ಕಟ್ಟುವ ಮುಸಲ್ಮಾನ ಚಾಚಾ. ಒಮ್ಮೆ ನಾನೂ ಜೊತೆಗೆ ಹೋಗಿದ್ದಾಗ ಕತ್ತರಿಸಿ ಉಳಿದ ರಟ್ಟಿನ ಗಂಟನ್ನು ಕೈಗಿಡುತ್ತ ಅವರು ಹೇಳಿದ್ದರು: "ಮಾಸ್ತರ ಸಾಬ್, ನಮ್ಮ ಅಂಗಡ್ಯಾಗ ಇದು ಕಸ. ನಿಮ್ಮ ಕೈಯಾಗ ಬಂದ್ರ ಸಾಲಿ ಆಗತೈತಿ ನೋಡ್ರಿ."

ಮೊದಲ ವಾರವೆಲ್ಲ ನಾವು ಒಂದು ಉತ್ತರವನ್ನೂ ಬರೆಯಲಿಲ್ಲ. ಡಬ್ಬಿಯಿಂದ ಒಂದು ರಟ್ಟು ಎತ್ತಬೇಕು, ಗಟ್ಟಿಯಾಗಿ ಓದಬೇಕು, "ಇದು ಏನು ಕೇಳಾಕತ್ತೈತಿ?" ಎಂಬ ಅವರ ಪ್ರಶ್ನೆಗೆ ಕನ್ನಡದಲ್ಲಿ ಹೇಳಬೇಕು, ಅಷ್ಟೆ. ಮೊದಲ ದಿನ ಒಂಬತ್ತರಲ್ಲಿ ಆರು ಮಂದಿ ತಪ್ಪು ಹೇಳಿದೆವು, ಉಪ್ಪಿನಬೆಟಗೇರಿ ಹಳ್ಳಿಯಿಂದ ಬಂದ ಹುಡುಗನೂ ನಾನೂ ಅವರಲ್ಲಿದ್ದೆವು. ಕೇಳಿದ್ದೇ ಒಂದು, ನಾವು ಉತ್ತರಿಸಲು ಹೊರಟದ್ದೇ ಇನ್ನೊಂದು. ಗೋಡೆಯ ಮೇಲೆ ಅವರು ಬಟ್ಟೆಯ ಪಟಗಳನ್ನು ತೂಗುಹಾಕಿದ್ದರು. ಒಂದರಲ್ಲಿ ಅಗಲವಾದ ಕಣ್ಣು, ಅದರ ಕೆಳಗೆ ‘ಡಿಸ್ಕ್ರೈಬ್’. ಇನ್ನೊಂದರಲ್ಲಿ ಗಂಟು ಬಿಡಿಸುತ್ತಿರುವ ಎರಡು ಕೈ, ಕೆಳಗೆ ‘ಎಕ್ಸ್‌ಪ್ಲೇನ್’. ಮೂರನೆಯದರಲ್ಲಿ ತಕ್ಕಡಿ, ‘ಕಂಪೇರ್’. "ಕಣ್ಣಿನ ಪ್ರಶ್ನಿಗೆ ತಕ್ಕಡಿ ಹಿಡದು ನಿಂತ್ರ ಮಾರ್ಕು ಯಾರು ಕೊಡತಾರ?" ಎಂದು ಕೇಳುತ್ತಿದ್ದರು.

ಸಾರಾಂಶ ಬರೆಯುವುದು ನಮಗೆಲ್ಲ ಬಲು ಕಷ್ಟ. ಮೂರರಲ್ಲಿ ಒಂದು ಪಾಲಿಗೆ ಇಳಿಸಿರಿ ಎಂದರೆ, ನಾವು ಮೂಲದ ಮೊದಲ ಭಾಗವನ್ನು ಹಾಗೇ ನಕಲು ಮಾಡಿ ನಿಲ್ಲಿಸುತ್ತಿದ್ದೆವು. ಒಂದು ರವಿವಾರ ನಮ್ಮನ್ನು ಉಣಕಲ್ ಕೆರೆಯ ದಂಡೆಗೆ ಕರೆದುಕೊಂಡು ಹೋದರು. ಆಚೆ ದಡದತ್ತ ಕೈ ಮಾಡಿ, "ಏನೇನು ಕಾಣತೈತಿ ಹೇಳ್ರಿ" ಎಂದರು. ಮೂರು ಗಿಡ, ಒಂದು ಗುಡಿಸಲು, ಒಂದಿಷ್ಟು ದನ. ಆಮೇಲೆ ದಂಡೆಗುಂಟ ನಡೆಸಿ ಅದೇ ಜಾಗಕ್ಕೆ ಒಯ್ದು, "ಈಗ ಹೇಳ್ರಿ" ಎಂದರು. ಎಲೆ, ಕಾಯಿ, ಗುಡಿಸಲ ಮುಂದೆ ಒಣಹಾಕಿದ ಸೀರೆ, ದನದ ಕೊರಳ ಗಂಟೆ, ಇರುವೆಯ ಸಾಲು, ಹೇಳಿದಷ್ಟೂ ಮುಗಿಯಲಿಲ್ಲ.

"ಅಲ್ಲಿಂದ ನೋಡಿದಾಗ ಇವೆಲ್ಲಾ ಎಲ್ಲಿ ಹೋಗಿದ್ದು?"

"ಕಾಣತಿದ್ದಿಲ್ರಿ ಸರ್."

"ಹಂಗಾದ್ರ ಗಿಡಾ ಸುಳ್ಳಾತೇನು? ಇಲ್ಲ. ಸಾರಾಂಶ ಅಂದ್ರ ಆ ದಂಡಿಗೆ ನಿಂತು ಬರಿಯೂದು. ಅಲ್ಲಿಂದ ಏನು ಕಾಣಸೂದಿಲ್ಲ, ಅದನ್ನ ಬಿಡ್ರಿ."

ಮುಂದೆ ನಾನೂ ಶಿಕ್ಷಕಿಯಾದಂದಿನಿಂದ ಇಂದಿನ ತನಕ ಸಾರಾಂಶ ಕಲಿಸುವುದು ಹೀಗೆಯೇ. ಇದಕ್ಕಿಂತ ಒಳ್ಳೆಯ ದಾರಿ ನನಗೆ ಯಾವ ಪುಸ್ತಕದಲ್ಲೂ ಸಿಗಲಿಲ್ಲ.

ಇನ್ನು ಆ ನೇರಳೆ ಬಣ್ಣದ ಗುಟ್ಟು. ಔಷಧಿ ಅಂಗಡಿಯಿಂದ ತಂದ ಜೆಲಟಿನ್ನು, ಗ್ಲಿಸರಿನ್ನು ಎರಡನ್ನೂ ನೀರಿನೊಡನೆ ಕಾಸಿ, ಅಗಲವಾದ ತಗಡಿನ ತಟ್ಟೆಗೆ ಸುರಿದು ಹೆಪ್ಪುಗಟ್ಟಿಸುತ್ತಿದ್ದರು. ನಾವು ಅದನ್ನು ಹಲ್ವಾದ ತಟ್ಟೆ ಎನ್ನುತ್ತಿದ್ದೆವು. ಒಂದು ವಿಶೇಷವಾದ ನೇರಳೆ ಶಾಯಿಯಲ್ಲಿ ಹಾಳೆಯ ಮೇಲೆ ಬರೆದು, ಅದನ್ನು ಆ ಹಲ್ವಾದ ಮೇಲೆ ಕವುಚಿ ಹಾಕಿ ಒತ್ತಿದರೆ ಶಾಯಿ ಕೆಳಗಿಳಿಯುತ್ತಿತ್ತು. ಆಮೇಲೆ ಖಾಲಿ ಹಾಳೆಗಳನ್ನು ಒಂದೊಂದಾಗಿ ಒತ್ತಿ ತೆಗೆದರೆ ಅದೇ ಬರಹದ ಇಪ್ಪತ್ತು ಮೂವತ್ತು ಪ್ರತಿ. ಔಷಧಿ ಬಾಟಲಿಯ ಮೇಲಿನ ಚೀಟಿ, ರೈಲ್ವೆಯ ಸೂಚನೆ, ಇಂಗ್ಲಿಷ್ ವೃತ್ತಪತ್ರಿಕೆಯ ತುಣುಕು, ಕಣ್ಣಿಗೆ ಬಿದ್ದದ್ದನ್ನೆಲ್ಲ ಬರೆದು, ಕೆಳಗೆ ಐದು ಪ್ರಶ್ನೆ ಹಾಕಿ, ದಿನವೂ ಒಂದು ಹಾಳೆ ನಮ್ಮ ಕೈಗೆ ಕೊಡುತ್ತಿದ್ದರು. ಅಪ್ಪ ಆಫೀಸಿನ ಹಳೆಯ ನೋಟೀಸುಗಳನ್ನು ನನ್ನ ಕೈಯಲ್ಲಿ ಕಳಿಸತೊಡಗಿದರು.

ಮೂರನೆಯ ವಾರ ಒಂದು ಬೆಳಿಗ್ಗೆ ಅವರು ಆ ಶಾಯಿಯ ದೌತಿಯನ್ನು ನನ್ನ ಮುಂದಿಟ್ಟರು. "ಇವತ್ತಿನ ಪತ್ರ ನೀ ಬರೀ ತಂಗಿ. ನಿನ್ನ ಹಾಳೀನ ಎಲ್ಲಾರಿಗೂ ತಗೀತೇನಿ."

ಬರೆದೆ. ಎಂದಿನ ಚಾಳಿ, ನಾಲ್ಕು ಕಡೆ ಹೊಡೆದು ಹಾಕಿದೆ. ಅವರು ಏನೂ ಅನ್ನದೆ ಅದನ್ನು ತಟ್ಟೆಗೆ ಒತ್ತಿದರು. ಎಂಟು ಹುಡುಗರ ಕೈಯಲ್ಲಿ ಎಂಟು ಪ್ರತಿ, ಪ್ರತಿಯೊಂದರಲ್ಲೂ ನನ್ನ ನಾಲ್ಕು ಗೀಟು ಅಚ್ಚೊತ್ತಿದ ಹಾಗೆ. ಹುಡುಗರು ನಕ್ಕರು. ನನ್ನ ಕಣ್ಣು ತುಂಬಿ ಬಂತು.

"ನಗಬ್ಯಾಡ್ರಿ. ನಾಳೆ ನಿಮ್ಮ ಪಾಳಿ" ಎಂದು ಅವರನ್ನು ಸುಮ್ಮನಾಗಿಸಿ, ನನ್ನ ಹತ್ತಿರ ಬಗ್ಗಿ ಮೆಲ್ಲಗೆ ಹೇಳಿದರು: "ಚಿತ್ರಾ ತಗಿಯೂ ಮುಂದ ನಾವು ಮದಲ ಗೆರಿ ಎಲ್ಲಿ ಹೋಗಬೇಕು ಅಂತ ನೋಡಕೋತೀವಿ, ಆಮ್ಯಾಲೆ ಪೆನ್ಸಿಲ್ ಇಡತೀವಿ. ನೀ ಪೆನ್ನು ಇಟ್ಟ ಮ್ಯಾಲೆ ದಾರಿ ಹುಡಕತೀದಿ. ಒಂದು ಸಾಲು ತೆಲ್ಯಾಗ ಪೂರಾ ಆಗೂ ತನಕ ಕೈ ಎತ್ತಬ್ಯಾಡ. ಹೊತ್ತು ಹೋತು ಅಂತ ಅಂಜಬ್ಯಾಡ."

ಮುಂದಿನ ವಾರ ಮತ್ತೆ ನನ್ನ ಪಾಳಿ ಬಂತು. ಆ ಹಾಳೆಯ ಎಂಟು ಪ್ರತಿಗಳಲ್ಲಿ ಒಂದೂ ಗೀಟಿರಲಿಲ್ಲ. ಯಾರೂ ಹೇಳದೆ ಹುಡುಗರು ಚಪ್ಪಾಳೆ ತಟ್ಟಿದರು.

ಅವರ ಹೆಂಡತಿಯನ್ನು ನಾವು ಕಾಕು ಎಂದು ಕರೆಯುತ್ತಿದ್ದೆವು. ನಾಲ್ಕನೆಯ ವಾರ ಮಾಸ್ತರು ಪೂರ್ತಿ ಮೂರು ತಾಸಿನ ಪರೀಕ್ಷೆ ಇಟ್ಟಾಗ ಕಾವಲಿಗೆ ಕರೆತಂದದ್ದು ಅವರನ್ನು. ಮಾಸ್ತರಲ್ಲದ ಬೇರೆ ಕಣ್ಣು ನೋಡುತ್ತಿದ್ದರೆ ಬರೆಯುವುದು ತಪ್ಪುತ್ತದೆ, ಅದೂ ರೂಢಿಯಾಗಬೇಕು ಎಂದು ಅವರ ಲೆಕ್ಕ. ಇಂಗ್ಲಿಷಿನ ಒಂದಕ್ಷರ ಬಾರದ ಕಾಕು ಇಳಕಲ್ಲ ಸೀರೆಯ ಸೆರಗು ಹೊದ್ದು, ಮುಖ ಗಂಟಿಕ್ಕಿಕೊಂಡು, ಬೆಂಚುಗಳ ನಡುವೆ ಮೂರು ತಾಸು ಅಡ್ಡಾಡಿದರು. ಕೊನೆಗೆ ಗಂಡನಿಗೆ ವರದಿ ಒಪ್ಪಿಸಿದರು: "ಉಪ್ಪಿನಬೆಟಗೇರಿ ಹುಡುಗ ಬರಿಯೂಕಿಂತ ಪೆನ್ನು ಕಚ್ಚೂದು ಭಾಳ. ಆ ಮೂಲ್ಯಾಗಿನವ ಮುಗಿಸಿ ಸುಮ್ಮನ ಕುಂತಾನ, ತಿರಗಿ ಓದೇ ಇಲ್ಲ. ಹುಡುಗಿ ಛಲೋ ಬರದಾಳ."

ಎಷ್ಟು ಸರಿಯಾಗಿ ಕಂಡಿದ್ದರು! ಮಾಸ್ತರು ಆ ವರದಿಯನ್ನೇ ಹಿಡಿದು ಒಬ್ಬೊಬ್ಬರನ್ನೂ ತಿದ್ದಿದರು.

ಐದನೆಯ ವಾರ ಇಂಗ್ಲಿಷ್ ಮಾಸ್ತರ ಪರೀಕ್ಷೆ ಬಂತು. ಮೊದಲಿನದಕ್ಕಿಂತ ಬಿಗಿಯಾದ ಪತ್ರಿಕೆ. ಮೂರನೆಯ ದಿನ ಹೆಡ್‌ಮಾಸ್ತರು ಚಿತ್ರಕಲೆಯ ಕೋಣೆಗೇ ಬಂದು ಫಲಿತಾಂಶ ಓದಿದರು. ಎಂಟು ಮಂದಿ ಪಾಸು. ನಾನೂ ಪಾಸು. ಉಪ್ಪಿನಬೆಟಗೇರಿಯ ಹುಡುಗನಿಗೆ ಮಾತ್ರ ಎರಡು ಮಾರ್ಕು ಕಡಿಮೆ.

ಅವನು ಹೊಲ ಬಿಟ್ಟು ಓದಲು ಬಂದ ಮನೆಯ ಮೊದಲ ಹುಡುಗ. ಯಾರ ಮುಖವನ್ನೂ ನೋಡದೆ ಪುಸ್ತಕ ಜೋಡಿಸಿಕೊಳ್ಳತೊಡಗಿದ. ಡ್ರಾಯಿಂಗ್ ಮಾಸ್ತರು ಅವನ ಭುಜ ಹಿಡಿದು ಕೂರಿಸಿ, ಹೆಡ್‌ಮಾಸ್ತರಿಂದ ಅವನ ಉತ್ತರಪತ್ರಿಕೆ ಇಸಿದುಕೊಂಡರು.

"ಮತ್ತ ಕೇಳಬ್ಯಾಡ್ರಿ ಅಂತ ಹೇಳಿದ್ದೆ" ಎಂದರು ಹೆಡ್‌ಮಾಸ್ತರು.

"ಮಾರ್ಕು ಕೇಳಾಕತ್ತಿಲ್ರಿ. ನೋಡಾಕತ್ತೇನಿ." ಒಂದೊಂದೇ ಹಾಳೆ ತಿರುವಿದರು. ತಟ್ಟನೆ ನಿಂತು, ಒಂದು ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಅದು ಒಂದಲ್ಲ, ಎರಡು. ಹುಡುಗ ಧಾರಾಳವಾಗಿ ಸುರಿದ ಶಾಯಿ ಒಣಗದೆ ಎರಡು ಹಾಳೆ ಅಂಟಿಕೊಂಡಿದ್ದವು. ಪೆನ್ಸಿಲು ಕೆತ್ತುವ ಚೂರಿಯನ್ನು ಅಂಚಿಗೆ ತೂರಿಸಿ ಮೆಲ್ಲಗೆ ಬಿಡಿಸಿದರು. ಒಳಗೆ ಪತ್ರಲೇಖನ, ಆರಂಭದಿಂದ ಸಹಿಯ ತನಕ.

ಇಂಗ್ಲಿಷ್ ಮಾಸ್ತರನ್ನು ಕರೆಸಿದರು. ಅವರು ನಿಂತುಕೊಂಡೇ ಆ ಪತ್ರ ಓದಿದರು. ಕಿಸೆಯಿಂದ ಕೆಂಪು ಪೆನ್ಸಿಲು ತೆಗೆದು ಏಳು ಮಾರ್ಕು ಹಾಕಿದರು. ಆಮೇಲೆ ಹುಡುಗನತ್ತ ತಿರುಗಿ, ನಮ್ಮೆಲ್ಲರೆದುರು, "ತಪ್ಪು ನಂದಪಾ. ಹಾಳಿ ಅಂಟಿದ್ದು ನಾ ನೋಡಲಿಲ್ಲ. ನೀ ಪಾಸ್ ಆಗೀದಿ" ಎಂದರು. ಹುಡುಗ ಹುಚ್ಚನ ಹಾಗೆ ನಗತೊಡಗಿದ. ಇಂಗ್ಲಿಷ್ ಮಾಸ್ತರು ಗೋಡೆಯ ಮೇಲಿನ ಕಣ್ಣು, ಕೈ, ತಕ್ಕಡಿಗಳನ್ನು ಒಂದೊಂದಾಗಿ ನೋಡಿ, ಡ್ರಾಯಿಂಗ್ ಮಾಸ್ತರತ್ತ ತಿರುಗಿದರು.

"ನಾಳೆ ಮುಂಜಾನೆ ನಾನೂ ಬರಬಹುದೇನ್ರಿ?"

"ಬರ್ರಿ ಬರ್ರಿ. ನಿಮ್ಮಂಥಾ ಇಂಗ್ಲಿಷು ನನಗೆಲ್ಲಿ ಐತ್ರಿ? ಇಷ್ಟು ದಿನಾ ಅದೊಂದ ಕಡಿಮಿ ಬಿದ್ದಿತ್ತು."

ಒಂಬತ್ತು ಫಾರ್ಮೂ ಮುಂಬಯಿಗೆ ಹೋದವು. ಅಲ್ಲಿಂದಾಚೆ ಮೂರು ತಿಂಗಳು ಇಬ್ಬರು ಮಾಸ್ತರೂ ಕೂಡಿಯೇ ಕಲಿಸಿದರು. ಮೊದಲೇ ಪಾಸಾದವರೂ ಬೆಳಿಗ್ಗೆ ಬಂದು ಬೆಂಚಿನ ತುದಿಗೆ ಜಾಗ ಕೇಳತೊಡಗಿದರು.

ಪರೀಕ್ಷೆಯ ಕೇಂದ್ರ ಧಾರವಾಡ. ಬೆಳಗಿನ ಗಾಡಿಗೆ ಹೋಗುವಾಗ ಡ್ರಾಯಿಂಗ್ ಮಾಸ್ತರೂ ಜೊತೆಗೆ ಬಂದರು. ಗಾಡಿಯಲ್ಲಿ ಪುಸ್ತಕ ತೆರೆಯಗೊಡಲಿಲ್ಲ. ಹೊಲಗಳನ್ನು ತೋರಿಸುತ್ತ ಬಿಳಿಜೋಳದ ಮಾತು, ಎತ್ತಿನ ಮಾತು ಆಡಿಕೊಂಡೇ ಬಂದರು. ಪ್ರಶ್ನೆಪತ್ರಿಕೆ ಕೈಗೆ ಬಂದಾಗ ಮೊದಲು ಪ್ರಬಂಧದ ಪ್ರಶ್ನೆ ನೋಡಿದೆ. ಪ್ರಬಂಧದ ಮೂರು ವಿಷಯಗಳಲ್ಲಿ ಒಂದನ್ನೂ ನಾವು ಹಿಂದೆ ಬರೆದಿರಲಿಲ್ಲ. ಸುತ್ತಲೂ ಪೆನ್ನುಗಳು ಓಡುವ ಸದ್ದು. ನಾನು ಪೆನ್ನನ್ನು ಬೆಂಚಿನ ಮೇಲಿಟ್ಟೆ. ‘ನಿಮ್ಮ ಊರಿನ ರೈಲು ನಿಲ್ದಾಣದಲ್ಲಿ ಒಂದು ತಾಸು’ ಎಂಬುದು ಒಂದು ವಿಷಯ. ಡಿಸ್ಕ್ರೈಬ್ ಎಂದಿತ್ತು. ಕಣ್ಣು! ಅಪ್ಪನ ಆಫೀಸಿನ ಕಿಟಕಿಯಿಂದ ಕಾಣುವುದೆಲ್ಲ ಒಂದರ ಹಿಂದೊಂದು ಎದ್ದು ನಿಂತಿತು. ಕೊನೆಯ ಸಾಲಿನ ತನಕ ದಾರಿ ಕಂಡ ಮೇಲೆ ಪೆನ್ನೆತ್ತಿದೆ. ಗಂಟೆ ಬಾರಿಸಲು ಇನ್ನೂ ಹತ್ತು ನಿಮಿಷವಿರುವಾಗ ನನ್ನ ಪತ್ರಿಕೆ ಪೂರ್ತಿಯಾಗಿತ್ತು. ಒಂದೇ ಒಂದು ಕಡೆ ಗೀಟು ಹಾಕಿದ್ದೆ.

ಫಲಿತಾಂಶ ಬರುವ ದಿನ ಪುಣೆಯ ಕಡೆಯಿಂದ ಬರುವ ಗಾಡಿಯಲ್ಲಿ ವೃತ್ತಪತ್ರಿಕೆ ಬರುತ್ತದೆಂದು ನಾವೆಲ್ಲ ಹುಬ್ಬಳ್ಳಿ ಸ್ಟೇಷನ್ನಿನಲ್ಲಿ ನೆರೆದಿದ್ದೆವು. ಇಬ್ಬರು ಮಾಸ್ತರು, ಹೆಡ್‌ಮಾಸ್ತರು, ಗೂಡ್ಸ್ ಆಫೀಸು ಬಿಟ್ಟು ಓಡಿಬಂದ ಅಪ್ಪ, ಎಲ್ಲರೂ. ಡ್ರಾಯಿಂಗ್ ಮಾಸ್ತರು ಪತ್ರಿಕೆಯನ್ನು ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಹರಡಿ, ಮಂಡಿಯೂರಿ, ನಂಬರು ಹುಡುಕಿ ಹುಡುಕಿ ಕೂಗತೊಡಗಿದರು. ಒಬ್ಬ, ಇಬ್ಬರು, ಐದು ಮಂದಿ, ಎಂಟು ಮಂದಿ. ಉಪ್ಪಿನಬೆಟಗೇರಿಯ ಹುಡುಗನ ನಂಬರು ಸಿಕ್ಕಾಗ ಕೂಲಿಗಳೂ ಕೂಗಿದರು. ನನ್ನದು ಸಿಗಲಿಲ್ಲ. ಮಾಸ್ತರು ಆ ಸಾಲನ್ನು ಮೂರು ಸಲ ನೋಡಿದರು. ಅಪ್ಪ ನನ್ನ ಕೈ ಹಿಡಿದುಕೊಂಡರು.

"ಸರ್, ಸಾಲು ಅಲ್ಲಿಗೆ ಮುಗದಿಲ್ರಿ! ಬಾಜೂ ಸಾಲಿನ ಮ್ಯಾಲಿಂದ ನೋಡ್ರಿ!" ಎಂದು ಆ ಹುಡುಗನೇ ಕೂಗಿದ.

ಅಲ್ಲಿತ್ತು. ಮುಂದಿನ ಸಾಲಿನ ಮೊಟ್ಟಮೊದಲ ನಂಬರು.

ನಾಲ್ಕು ಜನರೆದುರು ಎಂದೂ ಟೊಪ್ಪಿಗೆ ತೆಗೆಯದ ನಮ್ಮ ಮಾಸ್ತರು ಅದನ್ನು ತೆಗೆದು ಮೇಲಕ್ಕೆ ಎಸೆದುಬಿಟ್ಟರು. "ಒಂಬತ್ತಕ್ಕ ಒಂಬತ್ತು!" ಎಂದು ಅವರು ಕೂಗಿದ್ದು ಎಂಜಿನ್ನಿನ ಸೀಟಿಗಿಂತ ಜೋರಾಗಿತ್ತು. ಟೊಪ್ಪಿಗೆಯನ್ನು ಹಿಡಿದವರು ಇಂಗ್ಲಿಷ್ ಮಾಸ್ತರು. ಹಿಡಿದವರೇ ಅದನ್ನು ಇನ್ನೊಮ್ಮೆ ಎಸೆದರು. ಆ ಸಂಜೆ ನಮ್ಮ ಮನೆಯಲ್ಲಿ ಪೇಡೆ ಹಂಚಿದಾಗ, ಕಾಕಾ ಎರಡು ಪೇಡೆ ತಿಂದು ಕೈ ಒರೆಸಿಕೊಂಡು ಅಪ್ಪನಿಗೆ ಹೇಳಿದ: "ಗದಗಿನವರಿಗೆ ನಾನ ಹೇಳಿ ಬರತೇನಿ ಬಿಡಣ್ಣಾ. ಹುಡುಗಿ ಕಾಲೇಜಿಗೆ ಹೋಗಲಿ."

ಹೋದೆ. ಬಿ.ಎ. ಆಯಿತು, ಶಿಕ್ಷಕರ ತರಬೇತಿ ಆಯಿತು. ಧಾರವಾಡದ ಹುಡುಗಿಯರ ಶಾಲೆಯೊಂದರಲ್ಲಿ ಇಂಗ್ಲಿಷ್ ಕಲಿಸತೊಡಗಿದೆ. ಸ್ವಾತಂತ್ರ್ಯ ಬರುವುದಕ್ಕೆ ಒಂದೆರಡು ವರ್ಷ ಮೊದಲು, ಮೆಟ್ರಿಕ್ ಇಂಗ್ಲಿಷಿನ ಉತ್ತರಪತ್ರಿಕೆಗಳನ್ನು ತಿದ್ದಲು ನನ್ನನ್ನು ಪರೀಕ್ಷಕಳಾಗಿ ನೇಮಿಸಿದ ಕಾಗದ ಬಂತು. ಅದನ್ನು ಹಿಡಿದುಕೊಂಡು ಮೊದಲು ಹೋದದ್ದು ಹುಬ್ಬಳ್ಳಿಗೆ, ಅವರ ಮನೆಗೆ. ಉಬ್ಬಸದಿಂದ ಹಾಸಿಗೆ ಹಿಡಿದಿದ್ದರು. ಕಾಕು ದಿಂಬು ಒರಗಿಸಿ ಕೂರಿಸಿದರು. ಕಾಗದವನ್ನು ತಾವೇ ಓದಿದರು, ಪ್ರತಿಯೊಂದು ಸಾಲನ್ನೂ, ಕೆಳಗಿನ ಸಹಿಯ ತನಕ. ಆಮೇಲೆ ಕಾಕುವಿಗೆ ಹೇಳಿದರು:

"ಕೇಳಿದೇನು? ಇಷ್ಟು ವರ್ಷ ನಾವು ಹೊರಗ ನಿಂತು ಒಳಗಿನವರು ಏನು ಕೇಳತಾರೋ ಅಂತ ಅಂಜಕೋತ ಬಂದಿವಿ. ಇನ್ನ ಒಳಗ ನಮ್ಮಾಕಿ ಒಬ್ಬಾಕಿ ಕುಂತಾಳ."

ನನ್ನ ಕಡೆ ನೋಡಿ ಕೈ ಎತ್ತಿದರು. ನಾನು ಬಗ್ಗಿದೆ. ತಲೆಯ ಮೇಲೆ ಆ ಕೈ ಬಹಳ ಹೊತ್ತು ಇತ್ತು.

ಅದಾದ ತಿಂಗಳಲ್ಲೇ ಅವರು ತೀರಿಕೊಂಡರು. ಒಂಬತ್ತರಲ್ಲಿ ಏಳು ಮಂದಿ ಬಂದಿದ್ದೆವು. ದೂರದ ಊರುಗಳಲ್ಲಿದ್ದ ಇಬ್ಬರ ತಂತಿ ಬಂದಿತ್ತು. ಇಂಗ್ಲಿಷ್ ಮಾಸ್ತರು ಮೊದಲು ಹೆಗಲು ಕೊಟ್ಟರು.

ಉತ್ತರಪತ್ರಿಕೆಗಳ ಕಟ್ಟು ನನ್ನ ಮನೆಗೆ ಬಂದದ್ದು ಅದೇ ವಾರ. ಎರಡನೆಯ ದಿನ ಒಂದು ಪತ್ರಿಕೆ ಕೈಗೆ ಬಂತು. ಕೋಳಿ ಕೆದರಿದಂಥ ಅಕ್ಷರ, ಸಾಲಿಗೊಂದು ಕಾಗುಣಿತದ ತಪ್ಪು. ಯಾವ ಊರಿನ ಯಾರ ಮಗುವೋ. ಆದರೆ ಕೇಳಿದ್ದಕ್ಕೇ ಉತ್ತರವಿತ್ತು, ಒಂದು ಪ್ರಶ್ನೆಯನ್ನೂ ಬಿಟ್ಟಿರಲಿಲ್ಲ. ನಿಯಮದಲ್ಲಿ ಇದ್ದಷ್ಟೇ ಮಾರ್ಕು ಹಾಕುತ್ತ ಹೋದೆ, ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಕೂಡಿಸಿದಾಗ ಪಾಸು. ನಂಬದೆ ಇನ್ನೊಮ್ಮೆ ಕೂಡಿಸಿದೆ. ಪಾಸೇ. ಮನೆಯಲ್ಲಿ ಯಾರೂ ಇರಲಿಲ್ಲ. ಆದರೂ ಗಟ್ಟಿಯಾಗಿಯೇ ಹೇಳಿದೆ:

"ಇನ್ನೊಬ್ಬರು ದಾಟಿದ್ರು ನೋಡ್ರಿ ಸರ್."